ರೇಣವ್ವ ಕೊಟ್ಟ ದನಿ

ಇಳಕಲ್ಲಿನ ಅಂಗನವಾಡಿ ಶಿಕ್ಷಕಿ ರೇಣವ್ವ ತನ್ನ ದನಿಯನ್ನು ಕೊಟ್ಟದ್ದು ಒಂದು ಭಾನುವಾರ, ಅಡುಗೆಮನೆಯಲ್ಲಿ, ಒಲೆಯ ಮೇಲೆ ಬದನೆಕಾಯಿ ಎಣ್ಣೆಗಾಯಿ ಕುದಿಯುತ್ತಿದ್ದಾಗ. ದನಿ ತೆಗೆದುಕೊಳ್ಳಲು ಬಂದವಳು ಹುಬ್ಬಳ್ಳಿಯ ಕಡೆಯ ಎಂಜಿನಿಯರ್, ವೈಜಯಂತಿ ಹಾದಿಮನಿ. ಹೊರಗಿನ ಕೋಣೆಯಲ್ಲಿ ಕುರ್ಚಿ ಹಾಕಿದ್ದರೂ ಅವಳು ಅಲ್ಲಿ ಕೂರಲಿಲ್ಲ. ಎದುರಿಗೆ ಮೈಕು ಇಟ್ಟರೆ ಎಲ್ಲರ ದನಿಯೂ ಭಾಷಣದ ದನಿಯಾಗಿಬಿಡುತ್ತದೆ, ತನಗೆ ಬೇಕಾದದ್ದು ಹೆಂಡತಿ ಒಳಗಿನಿಂದ ಗಂಡನಿಗೆ ಕೂಗಿ ಹೇಳುವ ದನಿ ಎಂದಳು. ಸಣ್ಣದೊಂದು ಯಂತ್ರವನ್ನು ರೇಣವ್ವನ ಸೆರಗಿಗೆ ಸಿಕ್ಕಿಸಿ, ಒಲೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಮಕ್ಕಳ ವಿಷಯ, ಅಂಗನವಾಡಿಗೆ ಬರುವ ಹುಳಬಿದ್ದ ಬೇಳೆಯ ವಿಷಯ, ಅತ್ತೆಯ ವಿಷಯ ಎಲ್ಲ ಮಾತಾಡಿಸಿದಳು. ನಡುನಡುವೆ ಕೆಲವು ವಾಕ್ಯಗಳನ್ನು ಹೇಳಿಕೊಟ್ಟು ಹೇಳಿಸಿದಳು. ಬ್ರೇಕ್ ಕಾದಾವ ನಿಲ್ಲಸ್ರಿ. ಬ್ರೇಕ್ ಚಲೋ ಅದಾವ ಹೋಗ್ರಿ. ಇಷ್ಟಿದ್ದರೆ ಸಾಕು, ಉಳಿದ ಯಾವ ಮಾತನ್ನಾದರೂ ಯಂತ್ರವೇ ಅವಳ ದನಿಯಲ್ಲಿ ಕಟ್ಟಿಕೊಳ್ಳುತ್ತದೆ ಎಂದು ವಿವರಿಸಿದಳು.

ರೇಣವ್ವ ಒಗ್ಗರಣೆಯ ಸೌಟು ಕೆಳಗಿಟ್ಟು ಅವಳನ್ನು ನೋಡಿದಳು. "ನಾ ಹೇಳದ ಮಾತು ಅದು ನನ್ನ ದನಿಯೊಳಗ ಹೇಳಿದ್ರ?"

"ಬ್ರೇಕ್ ಏನ್ ಹೇಳತೈತೋ ಅದನ್ನಷ್ಟ ನಿಮ್ಮ ದನಿ ಹೇಳತೈತ್ರಿ ಅಕ್ಕಾರ. ಬ್ಯಾರೆ ಒಂದಕ್ಷರ ಹೇಳಂಗಿಲ್ಲ," ಎಂದಳು ವೈಜಯಂತಿ. "ನಿಮಗ ಬ್ಯಾಡ ಅನಿಸಿದ ದಿನ ಒಂದು ಮಾತು ಹೇಳ್ರಿ. ಅವತ್ತ ತೆಗೀತೀನಿ."

ಅವಳು ಅಂದು ಅಲ್ಲೇ ಊಟ ಮಾಡಿದಳು. ಎರಡನೆಯ ರೊಟ್ಟಿ ಸಾಕೆಂದರೂ ರೇಣವ್ವ ಬಿಡಲಿಲ್ಲ.

ಅದಕ್ಕೂ ಕೆಲವು ವರ್ಷ ಹಿಂದೆ, ಸೋನಾಘಾಟ್ ಗಡಿಯ ಆಚೆ ನೇಪಾಳದ ನೆಲದಲ್ಲಿ, ಸಿಮೆಂಟ್ ಹೊತ್ತ ಲಾರಿಯೊಂದು ಬ್ರೇಕ್ ತಪ್ಪಿ ಸಂತೆಯೊಳಗೆ ನುಗ್ಗಿತ್ತು. ಸತ್ತವರಲ್ಲಿ ಬಳೆ ಕೊಳ್ಳಲು ಬಂದ ಹುಡುಗಿಯರೇ ಹೆಚ್ಚಿದ್ದರು. ಆ ಮೇಲೆ ಎರಡೂ ದೇಶಗಳು ಕೂತು ಒಂದು ಒಪ್ಪಂದ ಮಾಡಿಕೊಂಡವು. ಬ್ರೇಕ್ ಗಟ್ಟಿಯಿದೆ ಎಂದು ಯಂತ್ರ ಹೇಳದ ಹೊರತು ಸರಕಿನ ಲಾರಿ ಯಾವುದೂ ಗಡಿ ದಾಟಕೂಡದು. ಆ ಯಂತ್ರ ಮಾಡುವ, ಗಡಿಯ ಗೇಟು ನಡೆಸುವ ಗುತ್ತಿಗೆ ಅಭಯಪಥ ಎಂಬ ಕಂಪನಿಗೆ ಸಿಕ್ಕಿತು.

ಯಂತ್ರದ ಕೆಲಸ ಸರಳವಾಗಿತ್ತು. ಪ್ರತಿ ಚಕ್ರದ ಬ್ರೇಕ್ ಡ್ರಮ್ಮಿನೊಳಗೆ ಕಡಲೆಕಾಳಿನಷ್ಟು ದೊಡ್ಡ ಸಂವೇದಕ. ಡ್ರಮ್ ಎಷ್ಟು ಕಾದಿದೆ, ಅದನ್ನು ಒತ್ತಿ ಹಿಡಿಯುವ ಲೈನರ್ ಪಟ್ಟಿ ಎಷ್ಟು ಸವೆದಿದೆ, ಎರಡೂ ತಾಕಿದಾಗ ಎಂಥ ಸದ್ದು ಬರುತ್ತದೆ ಎಂಬುದನ್ನೆಲ್ಲ ಅದು ಗಮನಿಸಿ ಕ್ಯಾಬಿನ್ನಿನಲ್ಲಿರುವ ಪೆಟ್ಟಿಗೆಗೆ ಕಳಿಸುತ್ತಿತ್ತು. ಪೆಟ್ಟಿಗೆ ಅದನ್ನೆಲ್ಲ ಕೂಡಿಸಿ ಒಂದೇ ಅಂಕೆ ಮಾಡುತ್ತಿತ್ತು. ತಡೆಬಲ ಎಂದು ಅದರ ಹೆಸರು. ಹೊಸ ಗಾಡಿಗೆ ನೂರು. ಅರವತ್ತಕ್ಕಿಂತ ಕಡಿಮೆಯಾದರೆ ಗಡಿಯ ಗೇಟು ತೆರೆಯುವುದಿಲ್ಲ. ಗಾಡಿ ಪಕ್ಕದ ದುರಸ್ತಿ ಅಂಗಳಕ್ಕೆ ಹೋಗಬೇಕು. ದಾರಿಯಲ್ಲಿ ಅರವತ್ತಕ್ಕಿಂತ ಇಳಿದರೆ ಪೆಟ್ಟಿಗೆ ಚಾಲಕನನ್ನು ಎಚ್ಚರಿಸಬೇಕು, ಅವನು ಕೇಳಿದಾಗಲೂ ಬ್ರೇಕ್ ಹೇಗಿದೆ ಎಂದು ಹೇಳಬೇಕು.

ಎಚ್ಚರಿಸುವುದೇ ಕಷ್ಟವಾಗಿತ್ತು. ಮೊದಲು ಕೆಂಪು ದೀಪ ಇಟ್ಟರು. ಚಾಲಕರು ಅದರ ಮೇಲೆ ದೇವರ ಚಿತ್ರ ಅಂಟಿಸಿದರು. ಪೀಪಿ ಇಟ್ಟರು, ವಯರು ಕಿತ್ತರು. ಆಗ ವೈಜಯಂತಿಗೆ ಈ ಉಪಾಯ ಹೊಳೆಯಿತು. ಪ್ರಯೋಗಾಲಯದ ಸೀಟಿನಲ್ಲಿ ಚಾಲಕರನ್ನು ಕೂರಿಸಿ, ಅವರ ಕಾಲಿನ ಸ್ನಾಯುಗಳಿಗೆ ತಂತಿ ಅಂಟಿಸಿ ನೋಡಿದಳು. ಅಪರಿಚಿತ ದನಿ ನಿಲ್ಲಿಸು ಎಂದರೆ ಕಾಲು ತಡವಾಗಿ ಏಳುತ್ತಿತ್ತು, ಕೆಲವೊಮ್ಮೆ ಏಳುತ್ತಲೇ ಇರಲಿಲ್ಲ. ಹೆಂಡತಿಯ ದನಿ ನಿಲ್ಲಿಸಿ ಎಂದರೆ, ಮಾತು ತಲೆಗೆ ಹೋಗುವ ಮೊದಲೇ ಕಾಲು ಆಕ್ಸಿಲರೇಟರಿನಿಂದ ಮೇಲೆದ್ದಿರುತ್ತಿತ್ತು. ಆ ಫಲಿತಾಂಶ ನೋಡಿದ ದಿನ ಅವಳು ಸಂತೋಷದಿಂದ ಅತ್ತಿದ್ದಳಂತೆ.

ರೇಣವ್ವನ ಗಂಡ ಯಮನೂರಪ್ಪ ಇಳಕಲ್ಲಿನ ಕೆಂಪು ಗ್ರಾನೈಟ್ ಹಲಗೆಗಳನ್ನು ಕಠ್ಮಂಡುವಿಗೆ ಒಯ್ಯುವ ಗಾಡಿಯ ಚಾಲಕ. ಅಷ್ಟು ದೂರದ ದಾರಿಗೆ ಇಬ್ಬರು ಬೇಕು. ಜೊತೆಗಾರ ಖಾದರಸಾಬ. ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು, ಒಬ್ಬರ ಬೀಡಿ ಇನ್ನೊಬ್ಬರು ಸೇದುವಷ್ಟು ಸಲಿಗೆಯವರು. ಪೆಟ್ಟಿಗೆಗೆ ಸ್ಟೀರಿಂಗ್ ಹಿಡಿದವರ ಕೈ ಗೊತ್ತಾಗುತ್ತಿತ್ತು. ಯಮನೂರಪ್ಪ ಓಡಿಸುವಾಗ ರೇಣವ್ವನ ದನಿ, ಖಾದರಸಾಬ ಓಡಿಸುವಾಗ ಅವನ ಹೆಂಡತಿ ಹುಸೇನಬಿಯ ದನಿ.

ಚಾಲಕರು ಆ ಪೆಟ್ಟಿಗೆಯನ್ನು ಎರಡನೇ ಮನಿಯಾಕಿ ಎಂದು ಕರೆಯತೊಡಗಿದರು. ಢಾಬಾಗಳಲ್ಲಿ ಅದರದೇ ಮಾತು. ಮನೆಯಲ್ಲಿ ಬೈಸಿಕೊಂಡದ್ದು ಸಾಲದೆ ಗಾಡಿಯಲ್ಲೂ ಬೈಸಿಕೊಳ್ಳಬೇಕಾಯಿತಲ್ಲ ಎಂದು ನಗುತ್ತಿದ್ದರು. ಆದರೆ ಯಾರೂ ವಯರು ಕೀಳಲಿಲ್ಲ. ದೂರದ ರಾಜ್ಯದಲ್ಲಿ, ಭಾಷೆ ತಿಳಿಯದ ಹೆದ್ದಾರಿಯಲ್ಲಿ, ತನ್ನ ಊರಿನ ಮಾತು ಕೇಳುತ್ತಿದ್ದರೆ ನಿದ್ದೆ ಹತ್ತಿರ ಬರುವುದಿಲ್ಲ ಎಂದು ಯಮನೂರಪ್ಪನೇ ಮನೆಗೆ ಬಂದಾಗ ಹೇಳಿದ್ದ. ಒಮ್ಮೆ ಝಾನ್ಸಿಯ ಆಚೆ ರೇಣವ್ವನ ದನಿ ಹಿಂದಿನ ಎಡಚಕ್ರ ಕಾದಿದೆ ಎಂದಾಗ ಇಳಿದು ನೋಡಿದರೆ ಲೈನರ್ ಹೊಗೆಯಾಡುತ್ತಿತ್ತು. ಅದನ್ನು ಕೇಳಿದ ಮೇಲೆ ರೇಣವ್ವನಿಗೂ ಒಂದು ಬಗೆಯ ಹೆಮ್ಮೆ ಬಂತು. ಗಂಡ ದಾರಿಯಲ್ಲಿರುವಾಗ ಈಗ ಅವಳು ಮೊದಲಿನಷ್ಟು ಹೆದರುತ್ತಿರಲಿಲ್ಲ. ಓಣಿಯ ಬೇರೆ ಹೆಂಗಸರಿಗೂ ದನಿ ಕೊಡಲು ಹೇಳಿದವಳು ಅವಳೇ.

ಹೀಗೆ ಎರಡು ವರ್ಷ ಕಳೆಯಿತು. ಗಡಿಯಾಚೆ ಅಪಘಾತ ನಿಜವಾಗಿಯೂ ಇಳಿಯಿತು. ವೈಜಯಂತಿಗೆ ಬಡ್ತಿ ಸಿಕ್ಕಿ ಅವಳು ಸೋನಾಘಾಟಿನ ನಿಯಂತ್ರಣ ಕೊಠಡಿಯ ಮುಖ್ಯಸ್ಥೆಯಾದಳು.

ಆ ಕೊಠಡಿ ಗೇಟಿನ ಮೇಲೆ, ಗಾಜಿನ ಗೋಡೆಗಳ ಒಳಗೆ ಇತ್ತು. ಅಲ್ಲಿಂದ ನೋಡಿದರೆ ಈ ದೇಶದ ರಸ್ತೆ ಒಂದು ಬದಿಗೆ, ಆ ದೇಶದ ರಸ್ತೆ ಇನ್ನೊಂದು ಬದಿಗೆ. ಮೂರನೆಯ ವರ್ಷದ ದಶೈಂ ಹಬ್ಬ ಹತ್ತಿರ ಬಂದಾಗ ಈ ಬದಿಯ ರಸ್ತೆ ಕಣ್ಣಿಗೆ ಕಾಣುವಷ್ಟು ದೂರವೂ ಲಾರಿಗಳಿಂದ ತುಂಬಿಹೋಗಿತ್ತು. ನೇಪಾಳದ ಅತಿ ದೊಡ್ಡ ಹಬ್ಬ ಅದು. ಸಕ್ಕರೆ, ಬಟ್ಟೆ, ಎಣ್ಣೆ, ಹಣ್ಣು, ಕಟ್ಟಡದ ಸಾಮಾನು ಎಲ್ಲವೂ ಅದರೊಳಗೆ ತಲುಪಬೇಕು. ಮಾಲಕರು ಬಿಡುವಿಲ್ಲದೆ ಓಡಿಸಿದ್ದರಿಂದ ಗಾಡಿಗಳ ಲೈನರ್ ಸವೆದಿದ್ದವು. ನೂರಾರು ಗಾಡಿ ಅರವತ್ತರ ಕೆಳಗೆ ಬಂದು ದುರಸ್ತಿ ಅಂಗಳದ ಮುಂದೆ ನಿಂತಿದ್ದವು. ಅಂಗಳದಲ್ಲಿ ಜಾಗವಿಲ್ಲ, ಮೆಕ್ಯಾನಿಕ್‌ಗಳು ಸಾಲುತ್ತಿಲ್ಲ. ಬಿಸಿಲಿನಲ್ಲಿ ಕೊಳೆತ ಟೊಮೆಟೊದ ವಾಸನೆ ಗಾಜಿನ ಒಳಗೂ ಬರುತ್ತಿತ್ತು.

ಅಭಯಪಥದ ಕಾರ್ಯಾಚರಣೆಯ ಮುಖ್ಯಸ್ಥ ಸೆಹಗಲ್ ವಿಮಾನದಲ್ಲಿ ಬಂದಿಳಿದವನೇ ನೇರವಾಗಿ ಅವಳ ಮೇಜಿಗೆ ಬಂದ. ಎರಡೂ ಕಡೆಯಿಂದ ಫೋನು ಬರುತ್ತಿದೆ, ಹೀಗೇ ಆದರೆ ಗುತ್ತಿಗೆ ನಮ್ಮ ಕೈತಪ್ಪುತ್ತದೆ, ಹಬ್ಬ ಮುಗಿಯುವವರೆಗೆ ಅರವತ್ತನ್ನು ನಲವತ್ತೈದಕ್ಕೆ ಇಳಿಸು ಎಂದ. ವೈಜಯಂತಿ ಒಪ್ಪಲಿಲ್ಲ. ಅರವತ್ತು ಎಂಬುದು ಬಯಲು ರಸ್ತೆಗಾಗಿ ಇಟ್ಟದ್ದಲ್ಲ, ಗಡಿಯಾಚೆಯ ಉದ್ದ ಇಳಿಜಾರಿಗಾಗಿ ಲೆಕ್ಕ ಹಾಕಿ ಇಟ್ಟದ್ದು ಎಂದು ಹೇಳಿದಳು. ಇಳಿಜಾರಿನಲ್ಲಿ ಡ್ರಮ್ ಕಾದು ಹಿಗ್ಗುತ್ತದೆ. ಹಿಗ್ಗಿದ ಹಾಗೆ ಲೈನರ್ ಅದನ್ನು ಮುಟ್ಟಲು ಹೆಚ್ಚು ದೂರ ಹೋಗಬೇಕು. ಅದಕ್ಕೂ ಒಂದು ಮಿತಿಯಿದೆ. ಅರವತ್ತರಿಂದ ನಲವತ್ತೈದಕ್ಕೆ ಇಳಿಯಲು ಸ್ವಲ್ಪ ಹೊತ್ತು ಬೇಕು, ನಲವತ್ತೈದರಿಂದ ಸೊನ್ನೆಗೆ ಇಳಿಯಲು ಹೊತ್ತೇ ಬೇಡ.

ಈ ಯಂತ್ರ ಬರುವ ಮೊದಲು ಇದಕ್ಕಿಂತ ಕೆಟ್ಟ ಗಾಡಿಗಳು ದಿನಾ ದಾಟುತ್ತಿದ್ದವು ಎಂದ ಸೆಹಗಲ್.

ಹಾಗಾದರೆ ಪೆಟ್ಟಿಗೆಯ ದನಿಯಾದರೂ ನಿಜ ಹೇಳಲಿ, ಬ್ರೇಕ್ ದುರ್ಬಲವಾಗಿದೆ, ನಿಂತು ನಿಂತು ಇಳಿಯಿರಿ ಎಂದು ಚಾಲಕನಿಗೆ ತಿಳಿಸಲಿ ಎಂದು ಅವಳು ಕೇಳಿಕೊಂಡಳು. ಸೆಹಗಲ್ ನಕ್ಕ. ಹೆಂಡತಿ ಬ್ರೇಕ್ ಸರಿಯಿಲ್ಲ ಎಂದರೆ ಯಾವನು ಮುಂದೆ ಹೋಗುತ್ತಾನೆ, ಗೇಟಿನ ಬಾಯಲ್ಲೇ ಗಾಡಿ ನಿಲ್ಲಿಸಿ ಕೂರುತ್ತಾನೆ, ನಿನ್ನ ಪ್ರಯೋಗವೇ ಹಾಗೆ ಹೇಳುತ್ತದಲ್ಲ ಎಂದ. ಗೇಟಿನಲ್ಲಿ ಆಗಲಿ ದಾರಿಯಲ್ಲಿ ಆಗಲಿ, ನಲವತ್ತೈದಕ್ಕಿಂತ ಮೇಲಿರುವವರೆಗೆ ದನಿ ಬ್ರೇಕ್ ಚಲೋ ಇದೆ ಎಂಬ ಎಂದಿನ ಮಾತನ್ನೇ ಹೇಳಬೇಕು ಎಂದ.

ತಾನು ಮಾಡದಿದ್ದರೆ ಬೇರೆಯವರಿಂದ ಮಾಡಿಸುತ್ತಾರೆ ಎಂಬುದು ವೈಜಯಂತಿಗೆ ಗೊತ್ತಿತ್ತು. ಹಬ್ಬ ಮುಗಿದ ಮರುದಿನವೇ ತಾನೇ ಸರಿಪಡಿಸುತ್ತೇನೆ ಎಂದುಕೊಂಡಳು. ಚಾಲಕರು ಅನುಭವಸ್ಥರು, ಅವರೇ ನೋಡಿಕೊಳ್ಳುತ್ತಾರೆ ಎಂದೂ ಅಂದುಕೊಂಡಳು. ಬದಲಾವಣೆಗೆ ಬೇಕಾದದ್ದು ಕೆಲವೇ ಸಾಲು. ಅದನ್ನು ಬರೆದು ಕಳಿಸಿ, ತಣ್ಣಗಾಗಿದ್ದ ಚಹಾ ಕುಡಿದಳು. ಸಂಜೆಯೊಳಗೆ ಕೆಳಗಿನ ಸಾಲು ಸರಿಯತೊಡಗಿತು. ಕೊಠಡಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಹಾಗೆ ದಾಟಿದ ಗಾಡಿಗಳಲ್ಲಿ ಯಮನೂರಪ್ಪನದೂ ಒಂದು. ಗೇಟಿನಲ್ಲಿ ಓಡಿಸುತ್ತಿದ್ದವನು ಖಾದರಸಾಬ. ಆಚೆ ಹೋದ ಮೇಲೆ, ಧೂಪಡಾಂಡಾ ಬೆಟ್ಟದ ನೆತ್ತಿಯ ಚಹಾದಂಗಡಿಯಲ್ಲಿ ಇಬ್ಬರೂ ಊಟ ಮಾಡಿ ಜಾಗ ಬದಲಿಸಿಕೊಂಡರು. ಖಾದರಸಾಬ ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಿಕೊಂಡ. ಯಮನೂರಪ್ಪ ಗಾಡಿ ಎಬ್ಬಿಸಿ ಮೊದಲ ತಿರುವು ಇಳಿದಾಗ ಪೆಡಲ್ ಮೆತ್ತಗನಿಸಿತು. ರಸ್ತೆ ಬದಿಯಲ್ಲಿ ಅಗಲವಾದ ಜಾಗವಿತ್ತು. ನಿಲ್ಲಿಸಿ ತಣ್ಣಗಾಗಲು ಬಿಡೋಣವೇ ಎಂದು ಯೋಚಿಸಿ, ಪೆಟ್ಟಿಗೆಯನ್ನು ಕೇಳಿದ.

"ಬ್ರೇಕ್ ಚಲೋ ಅದಾವ್ರಿ," ಎಂದಿತು ರೇಣವ್ವನ ದನಿ. "ಹೋಗ್ರಿ."

ಅವನು ಹೋದ. ಕೆಳಗಿನ ತಿರುವುಗಳು ಒಂದಕ್ಕಿಂತ ಒಂದು ಕಡಿದಾಗಿದ್ದವು. ಸಣ್ಣ ಗೇರಿನಲ್ಲೇ ಇದ್ದರೂ ಹಲಗೆಗಳ ಭಾರ ಹಿಂದಿನಿಂದ ನೂಕುತ್ತಿತ್ತು. ಇದ್ದಕ್ಕಿದ್ದ ಹಾಗೆ ಪೆಡಲ್ ಕೆಳಗೆ ಹೋಗಿ ನೆಲಕ್ಕೆ ತಾಗಿತು, ಏನೂ ಆಗಲಿಲ್ಲ. ಆಗ ಪೆಟ್ಟಿಗೆ ಕೂಗತೊಡಗಿತು. ಬ್ರೇಕ್ ಕಾದಾವ, ನಿಲ್ಲಸ್ರಿ, ನಿಲ್ಲಸ್ರಿ. ಅವನು ತುಳಿಯುತ್ತಲೇ ಇದ್ದ, ಅವಳು ಹೇಳುತ್ತಲೇ ಇದ್ದಳು. ಎದುರಿನಿಂದ ಹಬ್ಬಕ್ಕೆ ಊರಿಗೆ ಹೊರಟವರನ್ನು ಮಾಡಿನ ಮೇಲೂ ಕೂರಿಸಿಕೊಂಡ ಬಸ್ಸೊಂದು ಏರಿ ಬರುತ್ತಿತ್ತು. ಯಮನೂರಪ್ಪ ಸ್ಟೀರಿಂಗನ್ನು ಎಡಕ್ಕೆ, ಬೆಟ್ಟದ ಗೋಡೆಗೆ ತಿರುಗಿಸಿದ. ಗಾಡಿ ನಿಂತಿತು. ಹಲಗೆಗಳು ನಿಲ್ಲಲಿಲ್ಲ. ಕಟ್ಟಿದ ಸರಪಳಿ ಹರಿದು, ಕ್ಯಾಬಿನ್ನಿನ ಹಿಂಭಾಗವನ್ನು ಒಡೆದು ಖಾದರಸಾಬ ಮಲಗಿದ್ದ ಜಾಗಕ್ಕೆ ಬಂದವು.

ಬಸ್ಸಿನವರಿಗೆ ಏನೂ ಆಗಲಿಲ್ಲ. ಇಳಿದು ಬಂದು ಯಮನೂರಪ್ಪನನ್ನು ಹೊರಗೆ ಎಳೆದವರು ಅವರೇ. ಅವನ ಎಡಗಾಲು ಮೊಣಕಾಲಿನ ಮೇಲಿನವರೆಗೆ ಜಜ್ಜಿಹೋಗಿತ್ತು. ಅದನ್ನು ಕತ್ತರಿಸಿ ತೆಗೆದರು.

ರೇಣವ್ವ ಮೈದುನನ ಜೊತೆ ಆಸ್ಪತ್ರೆ ತಲುಪುವ ಹೊತ್ತಿಗೆ ಖಾದರಸಾಬನ ಹೆಣ ಇಳಕಲ್ಲಿನ ದಾರಿ ಹಿಡಿದಿತ್ತು. ವಾರ್ಡಿನ ಬಾಗಿಲಲ್ಲಿ ಪೊಲೀಸನೊಬ್ಬ ಕೂತಿದ್ದ. ಗಂಡ ಕಣ್ಣು ಮುಚ್ಚಿ ಮಲಗಿದ್ದ. ಅವಳು ಹತ್ತಿರ ಹೋಗಿ, ರೀ, ನಾ ಬಂದೀನಿ ಎಂದಳು. ಅವನ ಮೈಯೆಲ್ಲ ನಡುಗತೊಡಗಿತು. ಕೈ ಮಂಚದ ಕಂಬಿ ಹಿಡಿದು ಜಗ್ಗಿತು, ಸಲೈನಿನ ಸೂಜಿ ಕಿತ್ತುಬಂತು. ನರ್ಸ್ ಓಡಿ ಬಂದು, ಮಾತಾಡಬೇಡಿ ಎಂದು ಸನ್ನೆ ಮಾಡಿ ಅವಳನ್ನು ದೂರ ಸರಿಸಿದಳು. ಅಂದಿನಿಂದ ಅವಳು ಅವನ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಳು. ಗಂಜಿ ಕುಡಿಸುವಾಗಲೂ ಮಾತಿಲ್ಲ.

ಕೆಲವು ದಿನಗಳ ಮೇಲೆ ಅವನೇ ಬಾಯಿಬಿಟ್ಟ. "ನೀ ಅಲ್ಲ ಅಂತ ಗೊತ್ತೈತಿ. ಅದು ಪೆಟ್ಟಿಗಿ. ಆದ್ರ ಮೈಗೆ ಗೊತ್ತಿಲ್ಲ ರೇಣಿ. ಕಾಲು ಬ್ಯಾಡ ಅಂತಿತ್ತು. ಅದು ನಿನ್ನ ದನಿಯಾಗ ಹೋಗ್ರಿ ಅಂತು. ನಾ ಕಾಲಿನ ಮಾತು ಬಿಟ್ಟು ನಿನ್ನ ಮಾತು ಕೇಳಿದೆ."

ರೇಣವ್ವನಿಗೆ ತಲೆಬುಡ ತಿಳಿಯಲಿಲ್ಲ. ಬ್ರೇಕ್ ಹೇಳಿದ್ದನ್ನಷ್ಟೇ ಹೇಳುವ ಯಂತ್ರ ಹೋಗಿ ಎಂದು ಯಾಕೆ ಹೇಳಿತು? ಅಷ್ಟರಲ್ಲಿ ಮೈದುನ ಫೋನು ತಂದು ತೋರಿಸಿದ. ಎಲ್ಲ ಸುದ್ದಿವಾಹಿನಿಗಳಲ್ಲಿ ಅವಳ ದನಿ ಬರುತ್ತಿತ್ತು. ನಿಲ್ಲಸ್ರಿ, ನಿಲ್ಲಸ್ರಿ. ಪಕ್ಕದಲ್ಲಿ ಯಮನೂರಪ್ಪನ ಚಿತ್ರ. ಹೆಂಡತಿಯ ದನಿ ಅಷ್ಟು ಬೇಡಿಕೊಂಡರೂ ಚಾಲಕ ನಿಲ್ಲಿಸಲಿಲ್ಲ, ವೇಗದ ಹುಚ್ಚಿಗೆ ಗೆಳೆಯನನ್ನು ಬಲಿ ಕೊಟ್ಟ ಎಂದು ವರದಿಗಾರ ಹೇಳುತ್ತಿದ್ದ. ಗಾಡಿ ಗಡಿ ದಾಟುವಾಗ ಸುರಕ್ಷಿತವಾಗಿತ್ತು ಎಂದು ಅಭಯಪಥ ಹೇಳಿಕೆ ಕೊಟ್ಟಿತ್ತು. ಪೆಟ್ಟಿಗೆಯ ದನಿಮುದ್ರಿಕೆಯ ಕೊನೆಯ ತುಣುಕನ್ನಷ್ಟೇ ಹೊರಗೆ ಬಿಟ್ಟವರೂ ಅವರೇ. ನಿರ್ಲಕ್ಷ್ಯದಿಂದ ಸಾವು ತಂದ ಆರೋಪ ಯಮನೂರಪ್ಪನ ಮೇಲೆ ಬಂತು.

ತನ್ನ ದನಿಯೇ ಗಂಡನ ವಿರುದ್ಧ ಸಾಕ್ಷಿ ಹೇಳುವುದನ್ನು ರೇಣವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಕೇಳಿದಳು. ಆಮೇಲೆ ವೈಜಯಂತಿಗೆ ಫೋನು ಮಾಡಿದಳು. ಹಲವು ಸಲ ಮಾಡಿದ ಮೇಲೆ ಅವಳು ಎತ್ತಿದಳು. ಗುರುತು ಸಿಕ್ಕಿತೇ ಎಂದು ರೇಣವ್ವ ಕೇಳಿದಳು. ಸಿಕ್ಕಿತು ಎಂದಳು. ನಿಲ್ಲಸ್ರಿ ಎನ್ನುವ ಮೊದಲು ಪೆಟ್ಟಿಗೆ ಹೋಗ್ರಿ ಎಂದದ್ದು ಯಾಕೆ ಎಂದು ರೇಣವ್ವ ಕೇಳಿದಳು.

"ರೇಣುಕಾ ಅವರೇ, ದಾಖಲೆಗಳನ್ನೆಲ್ಲ ತನಿಖೆಗೆ ಒಪ್ಪಿಸಿದ್ದೇವೆ," ಎಂದಳು ವೈಜಯಂತಿ, ಪುಸ್ತಕದ ಕನ್ನಡದಲ್ಲಿ. "ಈ ಬಗ್ಗೆ ನಾನು ಮಾತಾಡುವಂತಿಲ್ಲ."

ಫೋನು ಇಟ್ಟಮೇಲೂ ರೇಣವ್ವನ ಕಿವಿಯಲ್ಲಿ ಉಳಿದದ್ದು ರೇಣುಕಾ ಅವರೇ ಎಂಬ ಮಾತು. ಅಕ್ಕಾರ ಎಂದು ಕರೆದು ತನ್ನ ಒಲೆಯ ಪಕ್ಕ ಕೂತು ಉಂಡವಳು ಬೇರೆ ಯಾರೋ ಇರಬೇಕು ಎನಿಸಿತು. ಏನೋ ಮುಚ್ಚಿಡುತ್ತಿದ್ದಾರೆ ಎಂಬುದು ಅವಳಿಗೆ ಖಾತ್ರಿಯಾದದ್ದು ಆಗಲೇ.

ಊರಿಗೆ ಬಂದವಳು ಮೊದಲು ಹುಸೇನಬಿಯ ಮನೆಗೆ ಹೋದಳು. ಹೋಗಲು ಕಾಲು ಏಳುತ್ತಿರಲಿಲ್ಲ. ಆ ತುಣುಕನ್ನು ಅವಳೂ ಕೇಳಿದ್ದಾಳೆ, ಯಮನೂರಪ್ಪನೇ ತನ್ನ ಗಂಡನನ್ನು ಕೊಂದ ಎಂದು ನಂಬಿದ್ದಾಳೆ ಎಂದುಕೊಂಡಿದ್ದಳು. ಹುಸೇನಬಿ ಬಾಗಿಲು ತೆರೆದು, ಒಳಗೆ ಕರೆದು ಚಾಪೆ ಹಾಸಿದಳು. ಇಬ್ಬರೂ ಸುಮಾರು ಹೊತ್ತು ಅತ್ತರು. ಆಮೇಲೆ ರೇಣವ್ವ ಗಂಡ ಹೇಳಿದ್ದನ್ನೆಲ್ಲ ಹೇಳಿದಳು.

ಹುಸೇನಬಿ ಅಳು ನಿಲ್ಲಿಸಿ ನೇರವಾಗಿ ಕೂತಳು. ಗಡಿ ದಾಟಿದ ಮೇಲೆ ಖಾದರಸಾಬ ಫೋನು ಮಾಡಿದ್ದ. ಆ ಮಾತನ್ನು ಅವಳು ತಮಾಷೆ ಎಂದೇ ತಿಳಿದು ಮರೆತಿದ್ದಳು. "ಪೆಡಲ್ ಮೆತ್ತಗ ಐತಿ, ಲೈನರ್ ಬದಲಿ ಮಾಡೋಣು ಅಂತಿದ್ದೆ, ಆದ್ರ ಗೇಟಿನಾಗ ನೀನ ಚಲೋ ಐತಿ ನಡೀರಿ ಅಂದಿ, ಅದಕ್ಕ ಬಂದ್ವಿ, ಅಂತ ನಕ್ಕರು," ಎಂದಳು. "ನಾ ಯಾವಾಗ ಅಂದೆ ಅಂತ ನಾನೂ ನಕ್ಕೆ."

ಪೆಟ್ಟಿಗೆ ಕೆಟ್ಟಿದ್ದರೆ ಒಬ್ಬಳ ದನಿ ತಪ್ಪಬಹುದಿತ್ತು. ಇಬ್ಬರ ದನಿಯೂ ಒಂದೇ ಸುಳ್ಳು ಹೇಳಿತ್ತು.

ಇಬ್ಬರೂ ಸೇರಿ ಓಣಿಯ ಹೆಂಗಸರಿಗೆ, ಅವರ ಮೂಲಕ ಹುನಗುಂದ, ಕುಷ್ಟಗಿಯ ಹೆಂಗಸರಿಗೆ ಫೋನು ಮಾಡತೊಡಗಿದರು. ಅಂಗನವಾಡಿ ಮುಗಿದ ಮೇಲೆ ರೇಣವ್ವನ ದಿನ ಅದರಲ್ಲೇ ಕಳೆಯುತ್ತಿತ್ತು. ಹಬ್ಬದ ಹೊತ್ತಿಗೆ ಗಡಿ ದಾಟಿದ ಗಂಡಂದಿರನ್ನು ಕೇಳಿ ಎಂದು ಅವರು ಹೇಳಿದರು. ಉತ್ತರಗಳು ಒಂದೊಂದಾಗಿ ಬಂದವು. ಹೌದು, ಪೆಡಲ್ ಮೆತ್ತಗಿತ್ತು. ಹೌದು, ದನಿ ಚಲೋ ಐತಿ ಅಂತು. ಒಬ್ಬ ಚಾಲಕ ಅದೇ ಧೂಪಡಾಂಡಾದಲ್ಲಿ ಕೈಬ್ರೇಕು ಎಳೆದು, ಮರಳಿನ ಗುಡ್ಡೆಗೆ ಗಾಡಿ ನುಗ್ಗಿಸಿ ಬದುಕಿದ್ದ. ತನ್ನದೇ ತಪ್ಪು ಎಂದುಕೊಂಡು ಮಾಲಕರಿಗೂ ಹೇಳಿರಲಿಲ್ಲ. ಹೆಂಡತಿ ಚಲೋ ಇದೆ ಎಂದಮೇಲೆ ಕೆಟ್ಟಿದ್ದರೆ ಅದು ತನ್ನ ಕೈಯ ದೋಷವೇ ಇರಬೇಕು ಎಂದು ಎಲ್ಲರೂ ಬಗೆದಿದ್ದರು.

ಹೆಂಗಸರು ಅಭಯಪಥಕ್ಕೆ ತಮ್ಮ ದನಿ ತೆಗೆಯಬೇಕೆಂದು ಹೇಳಿಕಳಿಸಿದರು. ಹೇಳಿದ ದಿನವೇ ತೆಗೆಯುತ್ತೇನೆ ಎಂದು ವೈಜಯಂತಿ ಮನೆಮನೆಯಲ್ಲಿ ಮಾತು ಕೊಟ್ಟಿದ್ದಳು. ವಿಷಯ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ವಾರಗಳು ಕಳೆದರೂ ಗಾಡಿಗಳಲ್ಲಿ ಅವರ ದನಿ ಮಾತಾಡುತ್ತಲೇ ಇತ್ತು. ಬಸಮ್ಮ ಎಂಬಾಕೆಯ ಗಂಡ ಫೋನು ಮಾಡಿ, ಇಲ್ಲಿ ನೀನು ಹೋಗು ಅಂತಿದ್ದೀ, ಹೋಗಲೋ ಬೇಡವೋ ಎಂದು ಕೇಳಿದ. ಬೇಡ ಎಂದಳು. ಅವನು ಸೋನಾಘಾಟಿನ ಗೇಟಿನ ಎದುರಿಗೇ ಗಾಡಿ ನಿಲ್ಲಿಸಿ ಕೀಲಿ ಕಿಸೆಗೆ ಹಾಕಿಕೊಂಡ. ಹಿಂದಿನವನಿಗೂ ಅವನ ಮನೆಯಿಂದ ಅದೇ ಮಾತು ಬಂದಿತ್ತು. ಪಂಜಾಬಿನವರು, ಬಿಹಾರದವರು ವಿಷಯ ಕೇಳಿ ತಮ್ಮ ತಮ್ಮ ಮನೆಗೆ ಫೋನು ಮಾಡಿದರು. ಸಂಜೆಯ ಹೊತ್ತಿಗೆ ಗೇಟು ತೆರೆದೇ ಇತ್ತು, ದಾಟುವ ಗಾಡಿ ಒಂದೂ ಇರಲಿಲ್ಲ.

ಗಾಡಿಗಳು ನಿಂತದ್ದಕ್ಕೆ ಎರಡೂ ಸರಕಾರಗಳು ಎಚ್ಚೆತ್ತವು, ಖಾದರಸಾಬ ಸತ್ತದ್ದಕ್ಕಲ್ಲ. ಗಡಿಯಲ್ಲೇ ಜಂಟಿ ವಿಚಾರಣೆ ಕೂತಿತು. ರೇಣವ್ವ, ಹುಸೇನಬಿ ಇಬ್ಬರನ್ನೂ ಕರೆಸಿದರು. ದನಿಮುದ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಹಾಕಿಸಿರಿ ಎಂದು ರೇಣವ್ವ ಹಟ ಹಿಡಿದಳು. ಹಾಕಿದರು. ಸಭೆಯಲ್ಲಿ ಅವಳ ದನಿ, ಅವಳ ಊರಿನ ಧಾಟಿಯಲ್ಲಿ, ಬ್ರೇಕ್ ಚಲೋ ಅದಾವ್ರಿ, ಹೋಗ್ರಿ ಎಂದಿತು. ಇದು ನಿಮ್ಮ ದನಿಯೇ ಎಂದು ಅಧಿಕಾರಿ ಕೇಳಿದರು.

"ದನಿ ನಂದರಿ," ಎಂದಳು ರೇಣವ್ವ. "ಮಾತು ಯಾರದು ಅಂತ ಅವರನ್ನ ಕೇಳ್ರಿ."

ಸೆಹಗಲ್ ಎದ್ದು ನಿಂತ. ಮಿತಿ ಇಳಿಸಿದ್ದು ತನಗೆ ಗೊತ್ತೇ ಇರಲಿಲ್ಲ, ಅದು ನಿಯಂತ್ರಣ ಕೊಠಡಿಯ ಮುಖ್ಯಸ್ಥೆ ತಾನಾಗಿಯೇ ತೆಗೆದುಕೊಂಡ ತೀರ್ಮಾನ, ಕಂಪನಿಗೂ ಆಘಾತವಾಗಿದೆ ಎಂದು ತಣ್ಣಗೆ ಹೇಳಿದ. ವೈಜಯಂತಿ ಅವನ ಪಕ್ಕದಲ್ಲೇ ಕೂತಿದ್ದಳು. ಆ ತನಕ ಅವಳು ಎಲ್ಲವೂ ನಿಯಮದಂತೆ ನಡೆದಿದೆ ಎಂದೇ ಹೇಳಿಕೆ ಕೊಟ್ಟಿದ್ದಳು. ಎದ್ದು ನಿಂತು, ಆ ದಿನ ಗಾಜಿನ ಕೋಣೆಯಲ್ಲಿ ನಡೆದದ್ದನ್ನೆಲ್ಲ, ಸೆಹಗಲ್ ಹೇಳಿದ್ದು, ತಾನು ಬೇಡವೆಂದದ್ದು, ಕಡೆಗೆ ತಾನೇ ಬರೆದದ್ದು, ಎಲ್ಲವನ್ನೂ ಹೇಳಿಬಿಟ್ಟಳು. ಸಭೆ ಗುಜುಗುಜು ಅಂತು. ಹುಸೇನಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರೇಣವ್ವನಿಗೆ ಅಲ್ಲಿಯೂ ಸಮಾಧಾನವಾಗಲಿಲ್ಲ. ತನ್ನ ಕೊರಳಿಗೆ ಬಂದಾಗ ಬಾಯಿ ಬಿಟ್ಟಳು, ಬಾರದಿದ್ದರೆ ನನ್ನ ಗಂಡ ಜೈಲಿಗೆ ಹೋಗುವುದನ್ನು ನೋಡುತ್ತ ಕೂತಿರುತ್ತಿದ್ದಳು ಎಂದು ಅವಳಿಗೆ ಅನಿಸಿತು.

ಹೊರಗೆ, ನಿಂತ ಲಾರಿಗಳ ನಡುವೆ, ವೈಜಯಂತಿ ಅವಳ ಹಿಂದೆಯೇ ಬಂದಳು.

"ಅಕ್ಕಾರ, ತಪ್ಪಾತು."

ರೇಣವ್ವ ನಿಂತಳು. "ಒಂದು ಕೇಳತೀನಿ, ಖರೇ ಹೇಳು. ನನ್ನ ದನಿಯೊಳಗ ಸುಳ್ಳು ತುಂಬೋವಾಗ, ನಾ ನಿನ್ನ ನೆನಪಿಗೆ ಬಂದ್ನೇನು?"

ವೈಜಯಂತಿ ಸುಳ್ಳು ಹೇಳಬಹುದಿತ್ತು. "ಇಲ್ರಿ."

"ಬಂದಿದ್ರ ಮಾಡ್ತಿದ್ದಿಲ್ಲೇನೋ ಅಂತ ಇಷ್ಟು ದಿನ ನಿನ್ನ ಪರವಾಗಿ ನಾನ ಮಾತಾಡಕೋತ ಇದ್ದೆ, ನನ್ನೊಳಗ," ಎಂದಳು ರೇಣವ್ವ. ಹುಸೇನಬಿ ಕಾಯುತ್ತಿದ್ದ ಕಡೆಗೆ ನಡೆದಳು.

ಯಮನೂರಪ್ಪನ ಮೇಲಿನ ಆರೋಪ ಬಿದ್ದುಹೋಯಿತು. ಹಬ್ಬ ಮುಗಿದರೂ ನಲವತ್ತೈದರಲ್ಲೇ ಉಳಿದಿದ್ದ ತಡೆಬಲದ ಮಿತಿ ಮತ್ತೆ ಅರವತ್ತಾಯಿತು. ವೈಜಯಂತಿಯ ಮೇಲೆ ಮೊಕದ್ದಮೆ ಹೂಡಿದರು. ಸೆಹಗಲ್ ಬೇರೊಂದು ಕಂಪನಿ ಸೇರಿದ, ಮರುವರ್ಷ ಆ ಕಂಪನಿಗೆ ಇನ್ನೊಂದು ಗಡಿಯ ಗುತ್ತಿಗೆ ಸಿಕ್ಕಿತು. ಮನುಷ್ಯರ ದನಿಯಲ್ಲಿ ಯಂತ್ರ ಮಾತಾಡಕೂಡದು ಎಂದು ನಿಯಮ ಬಂದು ಪೀಪಿ ವಾಪಸಾಯಿತು. ನಿಮ್ಮ ದನಿಯನ್ನು ಅಳಿಸಿದ್ದೇವೆ ಎಂದು ಹೆಂಗಸರಿಗೆಲ್ಲ ತಿಳಿಸಿದರು. ನಿಜವಾಗಿ ಅಳಿಸಿದರೋ ಇಲ್ಲವೋ ನೋಡಿ ಹೇಳುವವರು ಯಾರೂ ಇರಲಿಲ್ಲ. ರೇಣವ್ವ ಕೇಳಲೂ ಹೋಗಲಿಲ್ಲ.

ಯಮನೂರಪ್ಪ ಊರುಗೋಲಿನ ಮೇಲೆ ಮನೆಗೆ ಬಂದ. ರೇಣವ್ವ ಅವನೆದುರು ಸನ್ನೆಯಲ್ಲೇ ದಿನ ದೂಡಿದಳು. ಊಟಕ್ಕೆ ತಟ್ಟೆ ತಟ್ಟಿ ಕರೆಯುವುದು, ಬೇಕೋ ಬೇಡವೋ ಎಂದು ಕೈಯಲ್ಲಿ ಕೇಳುವುದು. ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವವಳು ಮನೆಯ ಹೊಸ್ತಿಲು ದಾಟಿದೊಡನೆ ಮೂಕಿಯಾಗುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಅವಳ ಕೈ ಹಿಡಿದು ಮಂಚದ ಪಕ್ಕ ಕೂರಿಸಿಕೊಂಡ.

"ಮಾತಾಡು," ಎಂದ. "ನಾ ಏನರ ಆಗಲಿ, ನೀ ನಿಲ್ಲಿಸಬ್ಯಾಡ."

ರೇಣವ್ವ ಅಂದು ಅಂಗನವಾಡಿಗೆ ಹೊಸದಾಗಿ ಬಂದ ಹುಡುಗಿಯ ವಿಷಯ ಶುರುಮಾಡಿದಳು. ಆ ಹುಡುಗಿ ಅಳುತ್ತ ಬಂದವಳು ಉಪ್ಪಿಟ್ಟು ನೋಡಿ ಸುಮ್ಮನಾದದ್ದು, ಎರಡನೆಯ ಸಲ ಕೇಳಲು ನಾಚಿ ಪಕ್ಕದವಳ ತಟ್ಟೆಗೆ ಕೈ ಹಾಕಿದ್ದು. ಯಮನೂರಪ್ಪನ ಹಣೆಯಲ್ಲಿ ಬೆವರು ಒಡೆಯಿತು. ಉಳಿದ ಒಂದು ಕಾಲು, ಬಲಗಾಲು, ನೆಲವನ್ನು ಒತ್ತತೊಡಗಿತು. ಹಿಮ್ಮಡಿ ಊರಿ, ಪಾದವನ್ನು ಮುಂದೆ ಚಾಚಿ, ತೊಡೆಯ ಸ್ನಾಯು ಗಂಟಾಗುವಷ್ಟು ಜೋರಾಗಿ. ಅವಳು ಅದನ್ನು ನೋಡಿದಳು. ಮಾತು ನಿಲ್ಲಿಸಲಿಲ್ಲ. ಉಪ್ಪಿಟ್ಟಿನ ರವೆಯಲ್ಲಿ ಈ ಸಲ ಹುಳ ಇರಲಿಲ್ಲ ಎಂದಳು, ಹುಸೇನಬಿ ನಾಳೆಯಿಂದ ಅಡುಗೆ ಸಹಾಯಕಿಯಾಗಿ ಬರುತ್ತಾಳೆ ಎಂದಳು, ಮಳೆ ಬಂದರೆ ಕಟ್ಟಡದ ಮೂಲೆ ಇನ್ನೂ ಸೋರುತ್ತದೆ ಎಂದಳು.

ಅವನ ಪಾದ ನೆಲದ ಫರಸಿಯನ್ನು ತುಳಿಯುತ್ತಲೇ ಇತ್ತು. ಅವಳು ಹೇಳುತ್ತಲೇ ಹೋದಳು.